ಭಂಡಾರ ಮುಟ್ಟದವನು

ಪತ್ತೇದಾರಳಾಗುವುದು ಹೇಗೆ ಎಂದು ಕೇಳುವ ಹುಡುಗಿಯರಿಗೆ ನಾನು ಕೊಡುವ ಉತ್ತರ ಅವರ ಮಾಸ್ತರರಿಗೆ ಹಿಡಿಸುವುದಿಲ್ಲ. ಬಬಲೇಶ್ವರದ ಕಾಲೇಜೊಂದರಲ್ಲಿ ವೃತ್ತಿ ಮಾರ್ಗದರ್ಶನವೆಂದು ಕರೆಸಿ, ಶಾಲು ಹೊದಿಸಿ, ಕೈಗೆ ಮೈಕು ಕೊಟ್ಟಿದ್ದರು. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಮೇಡಮ್ರಿ, ಡಿಟೆಕ್ಟಿವ್ ಆಗಬೇಕಂದ್ರ ಯಾವ ಕೋರ್ಸ್ ಮಾಡಬೇಕ್ರಿ?"

"ಗುಂಡು ಎಸಿಯೂದು ಕಲಿಯವ್ವಾ. ಕಬ್ಬಿಣದ ಗುಂಡು."

ಎಲ್ಲರೂ ಹೋ ಎಂದು ನಕ್ಕರು. ನಾನೇನು ಚೇಷ್ಟೆ ಮಾಡಿರಲಿಲ್ಲ. ನಮ್ಮ ಇಲಾಖೆಯಲ್ಲಿ ಪತ್ತೇದಾರ ಎಂಬ ಹುದ್ದೆಯೇ ಇಲ್ಲ. ಸಬ್ ಇನ್ಸ್‌ಪೆಕ್ಟರ್ ಪರೀಕ್ಷೆ ಇದೆ. ಅದಕ್ಕೆ ಓಡಬೇಕು, ಜಿಗಿಯಬೇಕು, ಗುಂಡು ಎಸೆಯಬೇಕು. ಆಮೇಲೆ ಪ್ರಬಂಧ ಬರೆಯಬೇಕು. ಪಾಸಾದರೆ ತರಬೇತಿಯಲ್ಲಿ ಬೂಟಿಗೆ ಮುಖ ಕಾಣುವ ಹಾಗೆ ಪಾಲಿಶ್ ಮಾಡುವುದನ್ನು ಕಲಿಸುತ್ತಾರೆ. ಅಲ್ಲಿಂದ ಬಂದ ಮೇಲೆ ಮಂತ್ರಿ ಬರುವ ರಸ್ತೆಯಲ್ಲಿ ಬಿಸಿಲಿಗೆ ನಿಲ್ಲಿಸುತ್ತಾರೆ. ಮಂತ್ರಿ ಬರುವುದಿಲ್ಲ. ಬಂದರೂ ಬೇರೆ ರಸ್ತೆಯಿಂದ ಬರುತ್ತಾನೆ. ಇಷ್ಟೆಲ್ಲ ಆದ ಮೇಲೆ, ಯಾರಿಗೋ ವರ್ಗವಾಗಿ ಜಾಗ ಖಾಲಿಯಾದರೆ, ನಿಮ್ಮನ್ನು ಅಪರಾಧ ವಿಭಾಗಕ್ಕೆ ಹಾಕುತ್ತಾರೆ. ಅದೇ ನಮ್ಮ ಪತ್ತೇದಾರಿ. ಟಿವಿಯಲ್ಲಿ ಬರುವ ಉದ್ದ ಕೋಟಿನ ಗಂಡಸರನ್ನು ತಂದು ವಿಜಯಪುರದ ಏಪ್ರಿಲ್ ಬಿಸಿಲಿಗೆ ಬಿಡಬೇಕು. ಗಾಂಧಿ ಚೌಕ ದಾಟುವಷ್ಟರಲ್ಲಿ ಕೋಟು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಲಿಂಬೆ ಶರಬತ್ತಿನ ಗಾಡಿ ಹುಡುಕುತ್ತಾರೆ.

ನನಗೂ ಒಂದು ಕಾಲಕ್ಕೆ ಆ ಕೋಟಿನ ಹುಚ್ಚು ಇತ್ತು, ಸುಳ್ಳು ಯಾಕೆ ಹೇಳಲಿ. ಊರು ಹೊನವಾಡ. ಅಪ್ಪನದು ಸ್ವಲ್ಪ ದ್ರಾಕ್ಷಿ, ಉಳಿದದ್ದು ಜೋಳ, ತೊಗರಿ. ಓದಲು ಬಂದವಳು ಜೋರಾಪುರ ಪೇಟೆಯಲ್ಲಿ ಹಳೆ ಮನೆಯೊಂದರ ಮಾಳಿಗೆ ಕೋಣೆ ಹಿಡಿದಿದ್ದೆ. ಕೆಳಗೆ ಮೆಣಸಿನಕಾಯಿ ವ್ಯಾಪಾರಿಯ ಗೋದಾಮು. ಅವನ ಆಳುಗಳು ಚೀಲ ಜಾಡಿಸಿದಾಗಲೆಲ್ಲ ನಾನು ಮೇಲೆ ಕೂತು ಸೀನುತ್ತ, ಕಣ್ಣೀರು ಒರೆಸುತ್ತ ಸಂವಿಧಾನ ಬಾಯಿಪಾಠ ಮಾಡುತ್ತಿದ್ದೆ. ಕೋಚಿಂಗ್ ಕ್ಲಾಸಿನ ಸರ್ ಸ್ವತಃ ಯಾವ ಪರೀಕ್ಷೆಯನ್ನೂ ಪಾಸು ಮಾಡಿದವರಲ್ಲ. ಆದರೆ ಪಾಸಾಗುವುದು ಹೇಗೆಂದು ಅವರಷ್ಟು ಜೋರಾಗಿ ಹೇಳುವವರು ಇಡೀ ಜಿಲ್ಲೆಯಲ್ಲಿ ಇರಲಿಲ್ಲ. ನಾನೊಮ್ಮೆ ಕೈ ಎತ್ತಿ, ಪ್ರಶ್ನೆಯಲ್ಲಿ ಕೊಟ್ಟ ನಾಲ್ಕೂ ಉತ್ತರ ತಪ್ಪಿದ್ದರೆ ಏನು ಮಾಡಬೇಕು ಸರ್ ಎಂದು ಕೇಳಿದೆ.

"ತಂಗಿ, ತಲಿ ಓಡಿಸಬ್ಯಾಡ," ಅಂದರು. "ಅವರು ಯಾವುದು ಖರೆ ಅಂತಾರೋ ಅದs ಖರೆ. ಆ ಉತ್ತರಕ್ಕ ಪೆನ್ನಿಲೆ ಗುಂಡು ಹಾಕಿ ಮುಂದ ಹೋಗು."

ಎಂಥ ಬೋಳೆ ಮಾತು ಎಂದು ಆಗ ಮೂಗು ಮುರಿದಿದ್ದೆ. ನೌಕರಿಗೆ ಸೇರಿದ ಮೇಲೆ ಗೊತ್ತಾಯಿತು, ಇಲಾಖೆಯ ಪೂರಾ ಶಾಸ್ತ್ರವನ್ನು ಸರ್ ಮೂರು ಮಾತಿನಲ್ಲಿ ಹೇಳಿಬಿಟ್ಟಿದ್ದರು.

ನಾನು ಅಪರಾಧ ವಿಭಾಗಕ್ಕೆ ಬಂದ ಠಾಣೆಯ ಹೆಸರು ಇಲ್ಲಿ ಬೇಡ. ಅಲ್ಲಿದ್ದ ಇನ್ಸ್‌ಪೆಕ್ಟರ್ ಸಾಹೇಬರ ಹೆಸರಂತೂ ಬೇಡವೇ ಬೇಡ. ಪೇಪರಿನವರು ಅವರನ್ನು ಕಳ್ಳರ ಸಿಂಹಸ್ವಪ್ನ ಎಂದು ಬರೆಯುತ್ತಿದ್ದರು. ಕಳ್ಳರ ಕನಸಿನಲ್ಲಿ ಇವರು ಬರುತ್ತಿದ್ದರೋ ಇಲ್ಲವೋ ನಾನರಿಯೆ. ಮಧ್ಯಾಹ್ನ ಊಟವಾದ ಮೇಲೆ ಕುರ್ಚಿಯಲ್ಲಿ ಇವರ ಕನಸಿನಲ್ಲಿ ಯಾರೋ ಬರುತ್ತಿದ್ದುದು ಮಾತ್ರ ಗೊರಕೆಯಿಂದ ತಿಳಿಯುತ್ತಿತ್ತು.

ಸಾಹೇಬರಿಗೆ ಬೆರಳಚ್ಚು, ಸಿಸಿ ಕ್ಯಾಮೆರಾ, ಫೋನಿನ ದಾಖಲೆ ಇವುಗಳಲ್ಲಿ ನಂಬಿಕೆ ಇರಲಿಲ್ಲ. ಅವರ ಪ್ರಯೋಗಾಲಯ ಜೀಪಿನ ಮುಂದಿನ ಖಾನೆಯಲ್ಲಿ ಒಂದು ಸ್ಟೀಲಿನ ಡಬ್ಬಿಯಲ್ಲಿ ಇರುತ್ತಿತ್ತು. ಅದರ ತುಂಬ ಭಂಡಾರ. ದೇವರ ಗುಡಿಯಿಂದ ತಂದ ಅರಿಶಿನದ ಪುಡಿ. ಹಳ್ಳಿಯಲ್ಲಿ ಕಳವಾದರೆ ಸಾಹೇಬರು ಅನುಮಾನ ಇದ್ದವರನ್ನೆಲ್ಲ ಸಾಲಾಗಿ ನಿಲ್ಲಿಸುತ್ತಿದ್ದರು. ತಾಟಿನಲ್ಲಿ ಭಂಡಾರ ಸುರಿದು, ಮುಟ್ಟಿ ಆಣೆ ಮಾಡು ಅನ್ನುತ್ತಿದ್ದರು. ಮುಟ್ಟಿದವನು ಸಾಚಾ. ಮುಟ್ಟದವನು ಕಳ್ಳ. ಮುಗಿಯಿತು ತನಿಖೆ. ಊರವರಿಗೂ ಇದು ಬಹಳ ಸೇರುತ್ತಿತ್ತು. ನಮ್ಮ ಕಡೆ ಮೊದಲಿನಿಂದಲೂ ಜಗಳ ಹರಿಯದಿದ್ದರೆ ಭಂಡಾರ ಮುಟ್ಟಿಸುವುದೇ ಪದ್ಧತಿ. ಸರಕಾರದ ಜೀಪಿನಲ್ಲಿ ಅದೇ ಪದ್ಧತಿ ಬಂದು ಇಳಿದರೆ ಯಾರು ಬೇಡ ಅಂತಾರೆ?

"ಕಾನೂನಿನ್ಯಾಗ ಇದು ಎಲ್ಲಿ ಐತ್ರಿ ಸರ್?" ಎಂದು ನಾನು ಬಂದ ಹೊಸದರಲ್ಲೇ ಕೇಳಿದೆ.

"ಕಾನೂನು ಕೋರ್ಟಿನ್ಯಾಗ ಐತಿ," ಅಂದರು ಸಾಹೇಬರು. "ಕಳ್ಳ ಹೊಲ್ದಾಗ ಅದಾನ."

ಹಿಂದೆ ಕೂತ ಪೇದೆಗಳು ಎಂಥ ಮಾತು ಎಂದು ತಲೆದೂಗಿದರು. ಥೂ, ಇವರ ತಲೆಗಿಷ್ಟು.

ಟಿಕೋಟಾ ದಾಟಿ ಒಳಗಿನ ಒಂದು ಹಳ್ಳಿಯಲ್ಲಿ ಬೋರಮಾಳ ಕಳವಾಯಿತು. ಬೋರೆಕಾಯಿ ಬೀಜದಂಥ ಬಂಗಾರದ ಗುಂಡು ಪೋಣಿಸಿದ ಸರವದು. ನಮ್ಮ ಕಡೆ ತವರಿನವರು ಕೊಟ್ಟ ಬೋರಮಾಳವೆಂದರೆ ಹೆಣ್ಣುಮಗಳ ಪ್ರಾಣ. ಅದು ಆ ಮನೆಯ ಸೊಸೆಯದು. ಮನೆಯವನು ದೊಡ್ಡ ದ್ರಾಕ್ಷಿ ತೋಟದ ಮಾಲೀಕ, ಊರಿನಲ್ಲಿ ನಾಲ್ಕು ಜನ ಮಾತು ಕೇಳುವಂಥವನು. ಅವನ ತಾಯಿ ಮತ್ತು ಹೆಂಡತಿ, ಬಸ್ಸಿನ ನೂಕಾಟದಲ್ಲಿ ಕಳೆದೀತೆಂದು ಸರವನ್ನು ಟ್ರಂಕಿನಲ್ಲೇ ಬಿಟ್ಟು, ವಿಜಯಪುರಕ್ಕೆ ಲಗ್ನಕ್ಕೆ ಹೋಗಿ ತಿರುಗಿ ಬಂದು ಟ್ರಂಕು ತೆಗೆದು ನೋಡಿದರೆ ಸರ ಇಲ್ಲ. ಸೊಸೆ ಚೀರಿಕೊಂಡಳು. ಅವಳ ತವರಿನವರು ಮರುದಿನವೇ ಬಂದು ಅಂಗಳದಲ್ಲಿ ಕೂತರು. ಮಾಲೀಕ ಮೋಟರ್ ಸೈಕಲ್ ಹತ್ತಿ ಠಾಣೆಗೆ ಬಂದ.

ಅನುಮಾನ ಯಾರ ಮೇಲೆ? ಅದನ್ನೂ ಅವನೇ ಹೇಳಿದ. ಒಬ್ಬ ಕುರಿಗಾರನ ಮೇಲೆ.

ರಾಶಿ ಮುಗಿದು ಹೊಲ ಖಾಲಿ ಬಿದ್ದಾಗ ರೈತರು ಗೊಬ್ಬರಕ್ಕೆಂದು ಕುರಿ ಕರೆಸಿ ಹೊಲದಲ್ಲಿ ತರುಬುತ್ತಾರೆ, ಅಂದರೆ ರಾತ್ರಿ ಅಲ್ಲೇ ನಿಲ್ಲಿಸುತ್ತಾರೆ. ಕುರಿಗಾರ ಹೆಂಡತಿ ಮಕ್ಕಳ ಜೊತೆ ಅಲ್ಲೇ ಹೊಲದಲ್ಲಿ ಇರುತ್ತಾನೆ. ಬಹಳ ಕಡೆ ಅವನಿಗೆ ಕೊಡುವುದು ಜೋಳ. ಒಂದು ಹೊಲ ಮುಗಿದರೆ ಮುಂದಿನ ಹೊಲ, ಒಂದು ಊರು ಮುಗಿದರೆ ಮುಂದಿನ ಊರು. ಅವನ ಬದುಕು ನಿಂತಿರುವುದು ಒಂದೇ ಒಂದು ಸಂಗತಿಯ ಮೇಲೆ. ರೈತ ಅವನನ್ನು ನಂಬಿ ಹೊಲಕ್ಕೆ ಕರೆಯಬೇಕು. ಅಷ್ಟೊಂದು ಮೇವು, ಪಂಪ್‌ಸೆಟ್ಟು, ಕೇಬಲ್ಲು, ದೂರದಲ್ಲಿ ಹೆಣ್ಣುಮಕ್ಕಳಿರುವ ಮನೆ, ಇವೆಲ್ಲದರ ನಡುವೆ ಅವನನ್ನು ಮಲಗಲು ಬಿಡಬೇಕು. ಇವನು ಕಳ್ಳನಂತೆ ಎಂಬ ಮಾತು ಒಂದು ಸಲ ಹೊರಟರೆ ಅವನ ಕುರಿಗಳಿಗೆ ನಿಲ್ಲಲು ನೆಲವೇ ಇಲ್ಲ.

ಈ ಕುರಿಗಾರ ಮಾಲೀಕನ ಹೊಲದಲ್ಲಿ ಕುರಿ ತರುಬಿ, ಹೆಂಗಸರು ಲಗ್ನಕ್ಕೆ ಹೋದ ದಿನವೇ ಪಕ್ಕದೂರಿನ ಹೊಲಕ್ಕೆ ಹೋಗಿದ್ದ. ಅಷ್ಟೇ ಸಾಕಾಯಿತು.

ಸಾಹೇಬರು ಡಬ್ಬಿ ತೆಗೆದುಕೊಂಡು ಹೊರಟರು. ನಾನೂ ಹೋದೆ. ಮಾಲೀಕನ ಅಂಗಳದಲ್ಲಿ ಅರ್ಧ ಊರು ಸೇರಿತ್ತು. ಕಟ್ಟೆಯ ಮೇಲೆ ತಾಟು ಇಟ್ಟು ಭಂಡಾರ ಸುರಿದರು. ಆಳುಮಕ್ಕಳು ಮುಟ್ಟಿದರು. ಹಾಲು ಹಾಕುವವನು ಮುಟ್ಟಿದ. ಮನೆಯವರೂ ಮುಟ್ಟಲಿ, ಪಕ್ಷಪಾತ ಬೇಡ ಎಂದು ಯಾರೋ ಅಂದರು. ಮಾಲೀಕ ಮುಟ್ಟಿದ. ಅವನ ತಾಯಿಯನ್ನು ಸಾಹೇಬರೇ ಕೇಳಿದರು, "ಯಾಕಬೇ ಮುದುಕಿ, ನೀ ಕದ್ದೀಯೇನು?" ಜನ ನಕ್ಕರು. ಮುದುಕಿ ಸೆರಗು ತಲೆ ಮೇಲೆ ಎಳೆದುಕೊಂಡು ಬಂದು, ಭಂಡಾರ ಮುಟ್ಟಿ, "ನಾ ಕದ್ದಿಲ್ಲ, ನನ್ನ ದೇವರಾಣಿ" ಎಂದು ಗಟ್ಟಿಯಾಗಿ ಹೇಳಿ ಹಣೆಗೆ ಹಚ್ಚಿಕೊಂಡಳು.

ಕಡೆಗೆ, ಪಕ್ಕದೂರಿನಿಂದ ಕರೆಸಿದ್ದ ಕುರಿಗಾರ. ಐವತ್ತರ ಆಸುಪಾಸಿನ ಮನುಷ್ಯ. ಹೆಗಲ ಮೇಲೆ ಕಂಬಳಿ, ತಲೆಗೆ ಕೆಂಪು ಪಟಗ. ತಾಟಿನ ಮುಂದೆ ಬಂದು ಕೈಮುಗಿದ. ಬಗ್ಗಿ ನಮಸ್ಕಾರ ಮಾಡಿದ. ಮುಟ್ಟಲಿಲ್ಲ.

"ಮುಟ್ಟಲೇ," ಅಂದರು ಸಾಹೇಬರು.

"ಇಲ್ರಿ ಸಾಹೇಬ್ರ, ನಾ ಮುಟ್ಟೂದಿಲ್ಲ."

"ಯಾಕ?"

"ನಮ್ಮ ಮನ್ಯಾಗ ಆಣಿ ಮಾಡೂದಿಲ್ರಿ. ನಮ್ಮಪ್ಪ ಮಾಡಿಲ್ಲ, ನಮ್ಮಜ್ಜ ಮಾಡಿಲ್ಲ. ಭಂಡಾರ ಇರೂದು ಹಣಿಗೆ ಹಚ್ಚಾಕ್ರಿ. ಬಂಗಾರದ ಜಗಳಕ್ಕ ದೇವರನ್ನ ಸಾಕ್ಷಿ ಕರಿಯೂದಿಲ್ಲ ನಾವು."

ಅಂಗಳದಲ್ಲಿ ಗುಜುಗುಜು ಎದ್ದಿತು. ನನಗೆ ಈ ಮಾತು ಹೊಸದಲ್ಲ. ಇಂಥ ಮನೆತನಗಳು ನಮ್ಮ ಕಡೆ ಬೇಕಾದಷ್ಟಿವೆ. ದೇವರಿಗೆ ಎಲ್ಲರಿಗಿಂತ ಹೆಚ್ಚು ಹೆದರುವವರು ಅವರೇ, ಅದಕ್ಕೇ ಆಣೆಗೆ ಕೈ ಹಾಕುವುದಿಲ್ಲ. ಖರೆ ಇದ್ದರೂ ಹಾಕುವುದಿಲ್ಲ. ಅಂಗಳದಲ್ಲಿ ನಿಂತ ಪ್ರತಿಯೊಬ್ಬನಿಗೂ ಇದು ಗೊತ್ತಿತ್ತು. ಗೊತ್ತಿದ್ದೂ ಆ ಹೊತ್ತಿಗೆ ಎಲ್ಲರೂ ಮರೆತರು. ಯಾಕೆಂದರೆ ತಮಾಷೆ ನೋಡಲು ಬಂದವರಿಗೆ ಕಳ್ಳ ಬೇಕಾಗಿದ್ದ.

"ಸರ್, ಇವರು ಇಂಥಾ ಪದ್ಧತಿ ಇಟ್ಟಗೊಂಡವರು ಇರತಾರ್ರಿ," ಎಂದು ನಾನು ಮೆಲ್ಲಗೆ ಅಂದೆ.

"ಮೇಡಮ್ಮಾರ, ನೀವು ಹೊಸಬರು. ನೋಡಿ ಕಲೀರಿ," ಅಂದರು ಸಾಹೇಬರು ಎಲ್ಲರಿಗೂ ಕೇಳುವ ಹಾಗೆ. ಕುರಿಗಾರನನ್ನು ಜೀಪಿಗೆ ಹತ್ತಿಸಿದರು. ಹತ್ತುವಾಗ ಅವನು ನನ್ನ ಕಡೆ ತಿರುಗಿ, "ಮೇಡಮ್ರಿ, ಆಣಿ ಮಾಡೂದಿಲ್ಲ ಅಂದೇನಿ. ಕದ್ದೇನಿ ಅಂದಿಲ್ಲ ನೋಡ್ರಿ," ಅಂದ.

ನಾನು ಜೀಪು ಹತ್ತಲಿಲ್ಲ. ಮನೆಯವರ ಹೇಳಿಕೆ ತಗೊಂಡು ಬರ್ತೀನಿ ಅಂತ ಹೇಳಿ ಅಲ್ಲೇ ಉಳಿದೆ. ನನಗೆ ಎರಡು ಸಂಗತಿ ಕಡಿಯುತ್ತಿದ್ದವು. ಟ್ರಂಕಿನ ಕೀಲಿ ಮುರಿದಿರಲಿಲ್ಲ. ಅದೇ ಟ್ರಂಕಿನಲ್ಲಿದ್ದ ಬೆಳ್ಳಿ ಕಾಲ್ಕಡಗ ಹಾಗೇ ಇದ್ದವು. ಎಂಥ ಮರ್ಯಾದಸ್ಥ ಕಳ್ಳ! ಒಂದು ಸರ ತೆಗೆದುಕೊಂಡು, ಬೆಳ್ಳಿಯನ್ನು ಮುಟ್ಟದೆ, ತಿರುಗಿ ಕೀಲಿ ಹಾಕಿ ಹೋಗಿದ್ದಾನೆ. ಇಷ್ಟನ್ನು ನೋಡಲು ಪತ್ತೇದಾರಿ ಬೇಕಾಗಿರಲಿಲ್ಲ, ಕಣ್ಣು ಇದ್ದರೆ ಸಾಕಿತ್ತು. ಆದರೆ ನಮ್ಮ ಕಣ್ಣುಗಳೆಲ್ಲ ತಾಟಿನ ಮೇಲಿದ್ದವು.

ಅಡುಗೆ ಮನೆಯಲ್ಲಿ ಮುದುಕಿ ನನಗೆ ಚಹಾ ಕಾಸುತ್ತಿದ್ದಳು. ನಾನು ನೆಲದ ಮೇಲೆ ಕೂತು ಊರಿನ ಮಾತು, ಲಗ್ನದ ಮಾತು ಎತ್ತಿದೆ. ಹಾಗೇ ಕೇಳಿದೆ, "ಆಯಿ, ಊರಿಗೆ ಹೋಗೂ ಮುಂದ ನೀವು ಬಂಗಾರ ಎಲ್ಲಿ ಇಡತೀರಿ?"

"ಟ್ರಂಕಿನ್ಯಾಗ ಬೇ. ಮತ್ತ ಎಲ್ಲಿ ಇಡೂದು?"

ಬಾಯಿ ಟ್ರಂಕು ಅಂದಿತು, ಕಣ್ಣು ಮೂಲೆಯ ಕೋಣೆಯ ಕಡೆ ಹೋಗಿ ಬಂತು. ಆ ಕೋಣೆಯಲ್ಲಿ ಜೋಳದ ಚೀಲಗಳನ್ನು ಒಂದರ ಮೇಲೊಂದು ಅಟ್ಟಿ ಹಚ್ಚಿದ್ದರು. ಹೊನವಾಡದಲ್ಲಿ ನಮ್ಮವ್ವ ಊರಿಗೆ ಹೋಗುವಾಗ ಕಿವಿಯ ಬುಗುಡಿಯನ್ನು ಎಲ್ಲಿ ಇಡುತ್ತಿದ್ದಳು? ಜೋಳದ ಚೀಲದ ಮೂಲೆಯ ಹೊಲಿಗೆ ಬಿಚ್ಚಿ, ಅರಿವೆಯಲ್ಲಿ ಗಂಟು ಕಟ್ಟಿ ಒಳಗೆ ತೂರಿ, ಡಬ್ಬಣದಿಂದ ತಿರುಗಿ ಹೊಲಿದುಬಿಡುತ್ತಿದ್ದಳು. ಕಳ್ಳ ಬಂದರೆ ಟ್ರಂಕು ಒಡೆಯುತ್ತಾನೆ, ಜೋಳ ಹೊರುವುದಿಲ್ಲ ಎಂಬುದು ನಮ್ಮ ಹೆಂಗಸರ ಲೆಕ್ಕಾಚಾರ. ಬ್ಯಾಂಕಿನ ಲಾಕರಿಗಿಂತ ಅದರ ಮೇಲೆ ಅವರಿಗೆ ಭರವಸೆ.

ಹೊರಗೆ ಬಂದು ಮಾಲೀಕನನ್ನು ಕೇಳಿದೆ. "ಈಗಿತ್ಲಾಗ ಇಲ್ಲಿಂದ ಚೀಲ ಹೊರಗ ಹೋಗ್ಯಾವೇನ್ರಿ?"

"ಒಂದ ಹೋಗೇತ್ರಿ. ಇವರು ಲಗ್ನಕ್ಕ ಹೋದ ದಿನ ಆ ಕುರಿಯವಗ ಕೊಟ್ಟೇನಿ. ಮ್ಯಾಲಿಂದು ಒಂದ ಎತ್ತಿ ಕೊಟ್ಟೆ. ಯಾಕ್ರಿ?"

ಯಾಕ್ರಿ ಅಂತೆ! ನನಗೆ ಕುಣಿಯುವಷ್ಟು ಖುಷಿಯಾಗಿತ್ತು. ನೌಕರಿಗೆ ಸೇರಿ ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ನನ್ನ ಸ್ವಂತ ತಲೆಯಿಂದ ಒಂದು ಪ್ರಕರಣ ಬಿಚ್ಚಿತ್ತು. ಓಡೋಡಿ ಠಾಣೆಗೆ ಬಂದು ಸಾಹೇಬರಿಗೆ ಎಲ್ಲ ವಿವರಿಸಿದೆ. ಸರ, ಅತ್ತೆ, ಚೀಲ, ಹೊಲಿಗೆ. ಕುರಿಗಾರನಿಗೆ ತನ್ನ ಚೀಲದಲ್ಲಿ ಏನಿದೆ ಎಂಬುದೇ ಗೊತ್ತಿಲ್ಲ ಸರ್, ಅವನನ್ನು ಬಿಟ್ಟುಬಿಡಿ ಅಂದೆ.

ಸಾಹೇಬರು ನಾನು ಹೇಳಿದ್ದರಲ್ಲಿ ಒಂದೇ ಒಂದು ಮಾತು ಕೇಳಿಸಿಕೊಂಡರು. "ಮಾಲು ಅವನ ಚೀಲದಾಗ ಐತಿ ಅಂತಿ?"

"ಇರಬೇಕ್ರಿ ಸರ್. ಆದ್ರ..."

"ಜೀಪ್ ತಗೀರಿ!"

ಕುರಿಗಳು ನಿಂತ ಹೊಲಕ್ಕೆ ಹೋದೆವು. ಜಪ್ತಿಗೆ ಸಾಕ್ಷಿಯಾಗಲು ಪಂಚರೆಂದು ಇಬ್ಬರು ಊರವರನ್ನು ಕರೆದೊಯ್ದಿದ್ದೆವು. ಕುರಿಗಾರನ ಹೆಂಡತಿ ಒಲೆಯ ಮುಂದಿದ್ದವಳು ಎದ್ದು ನಿಂತಳು. ಗುಡಾರದ ಮೂಲೆಯಲ್ಲಿ ಚೀಲ ಇತ್ತು. ಇನ್ನೂ ಹಳೆ ಚೀಲದ ಜೋಳವನ್ನೇ ಅವರು ಉಣ್ಣುತ್ತಿದ್ದರು, ಇದನ್ನು ಬಿಚ್ಚಿಯೇ ಇರಲಿಲ್ಲ. ಹೊಸ ಕಾನೂನು ಬಂದ ಮೇಲೆ ಶೋಧ, ಜಪ್ತಿ ಎಲ್ಲವನ್ನೂ ಮೊಬೈಲಿನಲ್ಲಿ ಚಿತ್ರೀಕರಿಸಲೇಬೇಕು. ಆ ಕೆಲಸ ನನ್ನದು. ನಾನು ಮೊದಲು ಚೀಲದ ಬಾಯಿಯನ್ನೇ ಹತ್ತಿರದಿಂದ ಹಿಡಿದೆ. ಹುರಿಯ ಹೊಲಿಗೆ ಒಂದೂ ಬಿಚ್ಚಿರಲಿಲ್ಲ. ಒಂದು ಮೂಲೆಯಲ್ಲಿ ಮಾತ್ರ ಹಳೆ ಹುರಿಯ ಬದಲು ಹಸಿರು ದಾರ ಇತ್ತು. ಮನೆಯಲ್ಲಿ ರವಿಕೆಗೆ ಹಾಕುವ ದಾರ. ಪೇದೆ ಚಾಕುವಿನಿಂದ ಕೊಯ್ದ. ಕೈ ಹಾಕಿದ. ಅರಿವೆಯ ಗಂಟು ಹೊರಗೆ ಬಂತು. ಗಂಟಿನಲ್ಲಿ ಬೋರಮಾಳ.

"ಸಿಕ್ಕತಲೇ!" ಎಂದು ಸಾಹೇಬರು ತೊಡೆ ತಟ್ಟಿದರು. "ನೋಡ್ರಿ ಮೇಡಮ್ಮಾರ. ಭಂಡಾರ ಸುಳ್ಳ ಹೇಳೂದಿಲ್ಲ."

ಈ ಮಾತಿಗೆ ಏನು ಅನ್ನಬೇಕು ಹೇಳಿ. ಕಳ್ಳ ಬಂಗಾರವನ್ನು ಚೀಲದೊಳಗೆ ಹಾಕಬೇಕಾದರೆ ಚೀಲ ಬಿಚ್ಚಬೇಕು. ಹೊಲದಲ್ಲಿ ಮಲಗುವವನು ಮನೆಯ ರವಿಕೆ ದಾರವನ್ನು ಮಂತ್ರ ಹಾಕಿ ತರಿಸಿ ತಿರುಗಿ ಹೊಲಿದನೇ? ನಾನು ಇದನ್ನು ಹೊಲದಲ್ಲೇ ಹೇಳಿದೆ, ಜೀಪಿನಲ್ಲಿ ಹೇಳಿದೆ, ಠಾಣೆಯಲ್ಲಿ ಹೇಳಿದೆ. ಸಾಹೇಬರು ಅಷ್ಟೊತ್ತಿಗೆ ಪೇಪರಿನವರಿಗೆ ಫೋನು ಹಚ್ಚಿದ್ದರು. ಮೇಜಿನ ಮೇಲೆ ಕೆಂಪು ಬಟ್ಟೆ ಹಾಸಿ ಸರ ಇಟ್ಟರು. ಹಿಂದೆ ಕುರಿಗಾರನನ್ನು ನಿಲ್ಲಿಸಿ, ಕಾಯ್ದೆ ಪ್ರಕಾರ ಮುಖ ಕಾಣಬಾರದೆಂದು ಅವನ ಕಂಬಳಿಯನ್ನೇ ತಲೆ ಮೇಲೆ ಹೊದಿಸಿದರು. ಕಂಬಳಿ ಅವನದೇ, ಕೈಯ ಕೋಲು ಅವನದೇ. ಸುತ್ತಲ ಊರುಗಳಲ್ಲಿ ಆ ಕಂಬಳಿ ನೋಡಿ ಅವನನ್ನು ಗುರುತಿಸದವರು ಯಾರಿದ್ದಾರೆ? ಮುಖ ಮುಚ್ಚಿ ಮರ್ಯಾದೆ ಉಳಿಸಿದೆವೆಂದು ನಮಗೆ ಸಮಾಧಾನ. ನನ್ನನ್ನೂ ತೋಳು ಹಿಡಿದೆಳೆದು ಪಕ್ಕಕ್ಕೆ ನಿಲ್ಲಿಸಿದರು.

"ಹೆಣ್ಣಮಗಳು ಪತ್ತೆ ಹಚ್ಯಾಳ ಅಂತ ಬರಸ್ತೀನಿ. ನಗು ಸ್ವಲ್ಪ," ಅಂದರು ಸಾಹೇಬರು.

ನಾನು ನಗಲಿಲ್ಲ. ಫೋಟೋ ಮಾತ್ರ ಸಂಜೆಯೊಳಗೆ ಎಲ್ಲರ ಫೋನಿಗೆ ಬಂತು. ನನ್ನ ಮೊದಲ ಪತ್ತೇದಾರಿಯ ಫಲ ನೋಡಿ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಸರ ಸಿಗದೆ ಅವನನ್ನು ಒಂದು ದಿನಕ್ಕೆ ಬೈದು ಕಳಿಸುತ್ತಿದ್ದರು. ನಾನು ಬುದ್ಧಿ ಓಡಿಸಿ ಅವನನ್ನು ಪಕ್ಕಾ ಕಳ್ಳನನ್ನಾಗಿ ಮಾಡಿದ್ದೆ. ಅಂದಿನಷ್ಟು ಸಿಟ್ಟು ನನಗೆ ಮತ್ತೆಂದೂ ಬಂದಿಲ್ಲ.

ಮರುದಿನ ಬೆಳಿಗ್ಗೆ ಸೀದಾ ಮಾಲೀಕನ ಮನೆಗೆ ಹೋದೆ. ಗಂಡಸರು ತೋಟಕ್ಕೆ ಹೋಗಿದ್ದರು. ಮುದುಕಿ ಜೋಳ ಹಸನು ಮಾಡುತ್ತ ಕೂತಿದ್ದಳು. ಅವಳ ಎದುರು ಫೋನು ಹಿಡಿದು ಹಸಿರು ದಾರದ ಚಿತ್ರ ತೋರಿಸಿದೆ.

"ಇದು ಯಾರ ಹೊಲಿಗಿ ಆಯಿ?"

ಮುದುಕಿ ಮೊರ ಕೆಳಗಿಟ್ಟಳು.

"ನಾ ಸುಳ್ಳ ಆಣಿ ಮಾಡಿಲ್ಲ ಬೇ," ಅಂದಳು, ಮುಖ ಎತ್ತಿ. "ನೀ ಕದ್ದೀಯೇನು ಅಂತ ಕೇಳಿದ್ರು. ಕದ್ದಿಲ್ಲ ಅಂದೆ. ಇಟ್ಟೀಯೇನು ಅಂತ ಯಾರ ಕೇಳಿದ್ರು?"

ಹೇಗಿದೆ ನೋಡಿ. ಇಡೀ ಅಂಗಳದಲ್ಲಿ ಕಾಯ್ದೆ ಸರಿಯಾಗಿ ತಿಳಿದವಳು ಅವಳೊಬ್ಬಳೇ.

ಆಮೇಲೆ ಎಲ್ಲ ಹೊರಬಂತು. ಟ್ರಂಕಿನ ಕೀಲಿ ಸಡಿಲು ಅಂತ ಸೊಸೆಗೆ ಹೇಳದೆ ಸರ ತೆಗೆದು ಚೀಲಕ್ಕೆ ಹಾಕಿದ್ದಳು. ಲಗ್ನದಿಂದ ಬಂದು ನೋಡುವಷ್ಟರಲ್ಲಿ ಚೀಲವೇ ಇಲ್ಲ. ಬಾಯಿ ಬಿಡಬೇಕೆನ್ನುವಷ್ಟರಲ್ಲಿ ಸೊಸೆಯ ತವರಿನವರು ಅಂಗಳದಲ್ಲಿ ಬಂದು ಕೂತಿದ್ದರು.

"ಸೊಸಿ ಟ್ರಂಕಿಗೆ ಕೈ ಹಾಕಿದಾಕಿ ಅನ್ನೂದಿಲ್ಲೇನು ಬೀಗರು? ಅವರ ಮುಂದ ನನ್ನ ಮಾರಿ ಏನಾಗಬೇಕು?"

"ಅವನ ಮಾರಿ ಏನಾಗಬೇಕು ಆಯಿ?" ನನ್ನ ದನಿ ಏರಿತು. "ಅವಗ ಹೆಂಡತಿ ಇಲ್ಲೇನು? ಅವಗ ಬೀಗರಿಲ್ಲೇನು? ನಾಳೆ ಯಾರು ಅವನ್ನ ಹೊಲಕ್ಕ ಕರೀತಾರ?"

ಮುದುಕಿ ಸೆರಗು ಬಾಯಿಗೆ ಒತ್ತಿಕೊಂಡಳು. ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡ ಸೊಸೆ ಒಳಗೆ ಬಂದಳು. ಜಗಳ ಶುರುವಾಯಿತು ಅಂದುಕೊಂಡೆ. ಅವಳು ಅತ್ತೆಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು.

"ಅತ್ತಿ, ಏಳ್ರಿ. ನಮ್ಮವ್ವಗ ನಾ ಹೇಳತೀನಿ. ನಾನs ನಿಮಗ ಇಡಾಕ ಕೊಟ್ಟಿದ್ದೆ, ಮರತಿದ್ದೆ ಅಂತೀನಿ. ನಡೀರಿ, ಠಾಣೆಕ ಹೋಗೂಣು."

ಆ ಹುಡುಗಿಯ ಸುಳ್ಳಿಗೆ ಕೈಮುಗಿಯಬೇಕು ಅನಿಸಿತು. ಇಡೀ ಪ್ರಕರಣದಲ್ಲಿ ಮರ್ಯಾದೆ ಇದ್ದ ಮಾತು ಅದೊಂದೇ.

ಮುದುಕಿಯ ಹೇಳಿಕೆ, ನನ್ನ ಚಿತ್ರೀಕರಣ ಎರಡೂ ಸೇರಿದ ಮೇಲೆ ಸಾಹೇಬರಿಗೆ ಬೇರೆ ದಾರಿ ಇರಲಿಲ್ಲ. ಚಿತ್ರೀಕರಣ ಅಳಿಸಿಬಿಡು ಅಂದರು. ಇಲಾಖೆಯ ಆ್ಯಪಿಗೆ ಆಗಲೇ ಹೋಗಿದೆ ಸರ್ ಅಂದೆ. ಆ್ಯಪು ಮಾಡಿದವರಿಗೆ ಒಂದಿಷ್ಟು ಬೈದರು. ತಪ್ಪು ತಿಳುವಳಿಕೆಯಿಂದ ಆದ ಫಿರ್ಯಾದು ಎಂದು ಷರಾ ಬರೆದು ಕುರಿಗಾರನನ್ನು ಬಿಟ್ಟರು.

"ಹೋಗಲೇ," ಅಂದರು. "ಅವತ್ತs ಮುಟ್ಟಿದ್ದರ ಇಷ್ಟೆಲ್ಲ ಯಾಕ ಆಗತಿತ್ತು?"

ಅಪ್ಪಣೆ ಕೊಟ್ಟ ಹಾಗೆ, ತಪ್ಪೆಲ್ಲ ಅವನದೇ ಎಂಬ ಹಾಗೆ! ಕುರಿಗಾರ ಠಾಣೆಯ ಮೆಟ್ಟಿಲಿಳಿದು, ಪಟಗ ಸರಿಯಾಗಿ ಸುತ್ತಿಕೊಂಡು ನನ್ನ ಹತ್ತಿರ ಬಂದ.

"ಮೇಡಮ್ರಿ, ಬಿಟ್ಟಾರ ಅಂತ ನೀವs ಒಂದ್ ಮಾತ ಊರಾಗ ಹೇಳ್ರಿ. ನಾ ಹೇಳಿದ್ರ ಯಾರೂ ನಂಬೂದಿಲ್ಲ."

ಹೇಳಿದೆ. ಹೇಳದೆ ಬಿಡಲಿಲ್ಲ. ಪೇಪರಿನವನಿಗೆ ಫೋನು ಮಾಡಿದರೆ, ಬಿಟ್ಟ ಸುದ್ದಿ ಯಾರು ಓದತಾರ್ರಿ ಮೇಡಂ, ಹೊಸಾದು ಏನರ ಹಿಡದಿದ್ರ ಹೇಳ್ರಿ ಎಂದ. ಊರೂರಿನ ಕಟ್ಟೆಗೆ ಹೋಗಿ ಹೇಳಿದೆ. ಜನ ಎದ್ದು ನಿಂತು ಕುರ್ಚಿ ಕೊಟ್ಟರು, ಚಹಾ ತರಿಸಿದರು. ಹೌದ್ರಿ ಮೇಡಂ, ಪಾಪ ಒಳ್ಳೆ ಮನುಷ್ಯಾರಿ ಅಂದರು. ಕುರಿ ಮಾತ್ರ ಯಾರೂ ಕರೆಯಲಿಲ್ಲ. ಈ ವರ್ಷ ಬೇಡ, ಟ್ರ್ಯಾಕ್ಟರ್ ಹೊಡೆಸೇವಿ, ಮಗ ಸರಕಾರಿ ಗೊಬ್ಬರ ತಂದಾನ, ಹೀಗೆ ಒಬ್ಬೊಬ್ಬರದು ಒಂದೊಂದು ನೆಪ. ಬಬಲೇಶ್ವರದ ಸಂತೆಯಲ್ಲಿ ಒಂದು ದಿನ ಅವನ ಹೆಂಡತಿ ಕಂಡಳು. ಮಾರಲು ಎರಡು ಆಡು ಹಿಡಿದುಕೊಂಡು ನಿಂತಿದ್ದಳು. ಮಾತಾಡಿಸಲು ಹೋದರೆ ಮುಖ ಆಚೆ ತಿರುಗಿಸಿದಳು. ತಿರುಗಿಸದೆ ಇನ್ನೇನು ಮಾಡಬೇಕಿತ್ತು ಪಾಪ, ನನ್ನನ್ನು ಕರೆದು ಎಲೆ ಅಡಿಕೆ ಕೊಡಬೇಕಿತ್ತೇ?

ಆ ವಾರ ರಜೆ ಹಾಕಿ ಹೊನವಾಡಕ್ಕೆ ಹೋದೆ. ಅಪ್ಪ ಜೋಳದ ರಾಶಿ ಮುಗಿಸಿ ಕಟ್ಟೆಯ ಮೇಲೆ ಕೂತಿದ್ದ. ಕೆಳಗಿನ ಹೊಲದ ಕಸುವು ಹೋಗೇತಿ, ಈ ಸಲ ಕುರಿ ತರುಬಲೇಬೇಕು, ಚಲೋ ಮಂದಿ ಸಿಗವಲ್ಲರು ಅಂದ. ನನಗೆ ಜೀವ ಬಂದಂತಾಯಿತು. ಯಾರೂ ಕರೆಯದಿದ್ದರೆ ಏನಾಯಿತು, ನಮ್ಮ ಹೊಲ ಇದೆಯಲ್ಲ. ಪೊಲೀಸಮ್ಮನ ಅಪ್ಪನೇ ಕರೆದನೆಂದರೆ ಉಳಿದವರ ಬಾಯಿ ತಾನೇ ಮುಚ್ಚುತ್ತದೆ.

"ಒಬ್ಬಾಂವ ಅದಾನಪ್ಪಾ. ನಂಬರ್ ಕೊಡತೀನಿ, ಇವತ್ತs ಫೋನ್ ಹಚ್ಚು."

"ಯಾವ ಊರಾಂವ?"

ಹೇಳಿದೆ. ಅಪ್ಪ ನನ್ನ ಮುಖ ನೋಡಿದ. ಅಂಗಿಯ ಕಿಸೆಯಿಂದ ಫೋನು ತೆಗೆದು, ಬೆರಳಿಂದ ಒತ್ತಿ ಒತ್ತಿ ಒಂದು ಫೋಟೋ ಹುಡುಕಿ ನನ್ನ ಮುಂದೆ ಹಿಡಿದ. ಕೆಂಪು ಬಟ್ಟೆ, ಬೋರಮಾಳ, ಕಂಬಳಿ ಹೊದ್ದ ಮನುಷ್ಯ, ಪಕ್ಕದಲ್ಲಿ ನಾನು. ಬಸ್‌ಸ್ಟ್ಯಾಂಡಿನ ಹೋಟೆಲಿನಿಂದ ಹಿಡಿದು ಸೊಸೈಟಿಯವರೆಗೆ ಅಪ್ಪ ಅದನ್ನು ತೋರಿಸದ ಜನ ಉಳಿದಿರಲಿಲ್ಲವಂತೆ. ಇದನ್ನು ಅವ್ವ ಒಳಗಿನಿಂದ ನಗುತ್ತ ಹೇಳಿದಳು.

"ಇಂವ ಅಲ್ಲೇನು?" ಅಂದ ಅಪ್ಪ.

"ಅವನs. ಆಂವ ಕದ್ದಿಲ್ಲಪ್ಪಾ. ಮನ್ಯಾಗಿನ ಮುದುಕೀನs ಚೀಲದಾಗ ಇಟ್ಟಿದ್ದಳು. ಅವನ್ನ ಬಿಟ್ಟೇವಿ."

"ಬಿಟ್ಟಿರಬೇಕು. ಬಿಡೂದು ಬ್ಯಾರೆ, ಕದ್ದಿಲ್ಲ ಅನ್ನೂದು ಬ್ಯಾರೆ," ಅಂದ ಅಪ್ಪ. ಫೋನನ್ನು ಅಂಗಿಗೆ ಒರೆಸಿ ಕಿಸೆಗೆ ಹಾಕಿಕೊಂಡ. "ನೀ ದೊಡ್ಡ ಮನಸಿನಾಕಿ, ಪಾಪ ಅಂತ ಅಂತಿ. ಆದ್ರ ನನ್ನ ಮಗಳು ಸುಳ್ಳಸುಳ್ಳ ಯಾರನ್ನೂ ಹಿಡಿಯೂದಿಲ್ಲ. ಅಷ್ಟು ನಂಗ ಗೊತ್ತೈತಿ."

ಎಷ್ಟು ಹೆಮ್ಮೆಯಿಂದ ಹೇಳಿದನೆಂದರೆ, ಕಣ್ಣಲ್ಲಿ ನೀರು ಬಂದಿತ್ತು ಅವನಿಗೆ. ನಾನು ಕೂಗಾಡಿದೆ, ಆಣೆ ಮಾಡಿ ಹೇಳಿದೆ, ಫೋನಿನಲ್ಲಿ ಚೀಲದ ಚಿತ್ರ ತೋರಿಸಿದೆ. ಅಪ್ಪ ಎಲ್ಲದಕ್ಕೂ ಹೂಂ ಹೂಂ ಅಂದ. ಕುರಿಗಾರನ ನಂಬರನ್ನು ಮಾತ್ರ ಬರೆದುಕೊಳ್ಳಲಿಲ್ಲ.